ಜರ್ಮನ್ ಸೈನ್ಯದ ಹಳೆ ಸಾಮಾನು: ಅಸಲಿ ಯಾವುದು, ಎಷ್ಟು ಹಳೆಯದು ಎಂದು ಪತ್ತೆ ಮಾಡುವುದು ಹೇಗೆ?

"ಈ ನೀರಿನ ಬಾಟಲಿ ಎರಡನೇ ಮಹಾಯುದ್ಧದ್ದಾ, ನೋಡಿ ಹೇಳಿ." ತಿಂಗಳಿಗೆ ನಾಲ್ಕೈದು ಸಲ ಈ ಪ್ರಶ್ನೆ ಬರುತ್ತದೆ. ಜೊತೆಗೆ ಮಬ್ಬು ಬೆಳಕಿನಲ್ಲಿ ತೆಗೆದ ಒಂದೇ ಒಂದು ಫೋಟೋ. ಕೆಲವರು ಜರ್ಮನಿಯಲ್ಲಿ ಓದಲು ಅಥವಾ ಕೆಲಸಕ್ಕೆ ಹೋದವರು, ಭಾನುವಾರದ ಗುಜರಿ ಸಂತೆಯಲ್ಲಿ ಕೊಂಡಿರುತ್ತಾರೆ. ಇನ್ನು ಕೆಲವರು ಇಲ್ಲೇ ಕೂತು ಆನ್‌ಲೈನ್‌ನಲ್ಲಿ ತರಿಸಿರುತ್ತಾರೆ. ಎಲ್ಲರಿಗೂ ಬಿಡಿಬಿಡಿಯಾಗಿ ಉತ್ತರ ಬರೆಯುವ ಬದಲು ನಾನು ನೋಡುವ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ. ಬಂದೂಕು, ಪದಕಗಳ ತಂಟೆ ಇಲ್ಲಿಲ್ಲ. ಸಿಪಾಯಿ ಸೊಂಟಕ್ಕೆ, ಬೆನ್ನಿಗೆ, ತಲೆಗೆ ಹಾಕಿಕೊಂಡು ಓಡಾಡುತ್ತಿದ್ದ ಸಾಮಾನು ಮಾತ್ರ.

ಮೊದಲೇ ಒಂದು ಮಾತು. ಹೊಸಬರೆಲ್ಲ ಕೈಗೆ ವಸ್ತು ಸಿಕ್ಕ ಕೂಡಲೇ ಮುದ್ರೆ ಹುಡುಕುತ್ತಾರೆ. ನಾನು ಮುದ್ರೆಯನ್ನು ಕೊನೆಗೆ ನೋಡುತ್ತೇನೆ. ಯಾಕೆಂದರೆ ನಕಲು ಮಾಡುವವನಿಗೆ ಎಲ್ಲಕ್ಕಿಂತ ಸುಲಭದ ಕೆಲಸ ಅದೇ. ಎರಡು ಅಂಕಿ ಒತ್ತಲು ಒಂದು ಸುತ್ತಿಗೆ ಸಾಕು. ಲೋಹ, ಹೊಲಿಗೆ, ಬಣ್ಣ, ಸವೆತ ಎಲ್ಲವನ್ನೂ ಒಂದೇ ವರ್ಷಕ್ಕೆ ಹೊಂದಿಸುವುದು ಅಷ್ಟು ಸುಲಭವಲ್ಲ.

ಏನೇನು ಬೇಕು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಒಂದು ಟಾರ್ಚ್, ಪುಟ್ಟ ಅಯಸ್ಕಾಂತ, ಟೇಲರ್ ಟೇಪು, ಮೆತ್ತನೆಯ ಹತ್ತಿ ಬಟ್ಟೆ. ನೋಟು ಪರೀಕ್ಷೆ ಮಾಡುವ ಯುವಿ ಟಾರ್ಚ್ ಇದ್ದರೆ ಒಳ್ಳೆಯದು. ಮೊಬೈಲ್ ಹೇಗೂ ಇರುತ್ತದೆ.

ಹಂತ 1: ತೊಳೆಯಬೇಡಿ

ಮನೆಗೆ ತಂದ ತಕ್ಷಣ ಸೋಪು ಹಾಕಿ ಉಜ್ಜುವವರಿದ್ದಾರೆ. ದಯವಿಟ್ಟು ಬೇಡ. ಬಟ್ಟೆಯ ಮೇಲಿನ ಶಾಯಿ ಮುದ್ರೆ ಒಂದೇ ನೀರಿಗೆ ಹೋಗಿಬಿಡುತ್ತದೆ. ಲೋಹದ ಮೇಲಿನ ಮೂಲ ಬಣ್ಣ ತುಕ್ಕಿನ ಜೊತೆಗೇ ಎದ್ದು ಬರುತ್ತದೆ. ಚರ್ಮಕ್ಕೆ ಎಣ್ಣೆ ಹಚ್ಚಿದರೆ ಹೊಲಿಗೆ ದಾರ ಕೊಳೆಯುತ್ತದೆ. ಒಣ ಬಟ್ಟೆಯಿಂದ ಧೂಳು ಒರೆಸಿ, ಅಷ್ಟೇ. ಆಮೇಲೆ ಎಲ್ಲ ಬದಿಯಿಂದ ಫೋಟೋ ತೆಗೆದಿಡಿ. ಟಾರ್ಚನ್ನು ಓರೆಯಾಗಿ ಹಿಡಿದರೆ ಸವೆದ ಅಕ್ಷರಗಳ ನೆರಳು ಬಿದ್ದು ಕಾಣುತ್ತವೆ.

ಹಂತ 2: ಯಾವ ಸೈನ್ಯದ್ದು?

"ಜರ್ಮನ್ ಸೈನ್ಯ" ಅಂದರೆ ಒಂದಲ್ಲ, ಐದು. 1918ರವರೆಗೆ ಕೈಸರ್, ಅಂದರೆ ಚಕ್ರವರ್ತಿಯ ಸೈನ್ಯ. ಆಮೇಲೆ ಸಣ್ಣದಾಗಿ ಉಳಿದ ರೈಶ್ಸ್‌ವೇರ್. 1935ರಿಂದ 1945ರವರೆಗೆ ವೇರ್ಮಾಖ್ಟ್. 1955ರಿಂದ ಪಶ್ಚಿಮ ಜರ್ಮನಿಯ ಬುಂಡೆಸ್‌ವೇರ್, ಅದು ಇವತ್ತಿಗೂ ಇದೆ. 1956ರಿಂದ 1990ರವರೆಗೆ ಪೂರ್ವ ಜರ್ಮನಿಯ ಎನ್‌ವಿಎ. ಗೊಂದಲ ಎಲ್ಲಿ ಅಂದರೆ, ಒಂದೇ ಅಚ್ಚಿನ ಸಾಮಾನು ಈ ಸೈನ್ಯಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಬಂದಿದೆ. ಹುರುಳಿಬೀಜದ ಆಕಾರದ ಊಟದ ಡಬ್ಬಿ 1931ರ ಮಾದರಿ. ಯುದ್ಧ ಮುಗಿದ ಮೇಲೂ ಎರಡೂ ಜರ್ಮನಿಗಳು ಅದೇ ಆಕಾರದ್ದನ್ನು ಮಾಡಿದವು. ಸಂತೆಯಲ್ಲಿ "ಯುದ್ಧಕಾಲದ್ದು" ಎಂದು ಮಾರುವ ಡಬ್ಬಿಗಳಲ್ಲಿ ಯುದ್ಧದ ಆಮೇಲಿನವು ಎಷ್ಟೋ ಇರುತ್ತವೆ.

ಹಾಗಾಗಿ ಮೊದಲು ಹೊಸದನ್ನು ಬದಿಗಿಡಿ. ಈ ಗುರುತುಗಳಲ್ಲಿ ಒಂದು ಕಂಡರೂ ಅದು 1945ರ ನಂತರದ್ದು:

- ನಾಲ್ಕು, ಎರಡು, ಮೂರು, ನಾಲ್ಕು ಅಂಕಿಗಳಾಗಿ ಒಡೆದ ಉದ್ದನೆಯ ಸಂಖ್ಯೆ, ನಡುವೆ 12. ಇದು ನ್ಯಾಟೋ ಸರಬರಾಜು ಸಂಖ್ಯೆ, 12 ಅಂದರೆ ಜರ್ಮನಿ. ಮೊದಲ ನಾಲ್ಕು ಅಂಕಿ 8465 ಆಗಿದ್ದರೆ ಸಿಪಾಯಿಯ ಸ್ವಂತ ಬಳಕೆಯ ಸಾಮಾನು ಎಂದರ್ಥ.
- ವಿ-ಇ-ಬಿ ಎಂಬ ಅಕ್ಷರಗಳು. ಜನರ ಒಡೆತನದ ಕಾರ್ಖಾನೆ, ಅಂದರೆ ಪೂರ್ವ ಜರ್ಮನಿ. ಇ-ವಿ-ಪಿ ಎಂದಿದ್ದರೆ ಅದು ಅಲ್ಲಿನ ಅಂಗಡಿ ಬೆಲೆ.
- ಡಿ-ಬಿ-ಪಿ ಅಥವಾ ಡಿ-ಬಿ-ಜಿ-ಎಂ. ಇವು ಪಶ್ಚಿಮ ಜರ್ಮನಿಯ ಪೇಟೆಂಟ್ ಗುರುತು. ಹಳೆಯದರಲ್ಲಿ ಡಿ-ಆರ್-ಪಿ, ಡಿ-ಆರ್-ಜಿ-ಎಂ ಇರುತ್ತದೆ. ನಡುವಿನ "ಆರ್" ಅಂದರೆ ರೈಶ್.
- ಕಂಪನಿ ವಿಳಾಸದ ಮುಂದೆ ನಾಲ್ಕಂಕಿಯ ಪಿನ್‌ಕೋಡ್. ಪಶ್ಚಿಮ ಜರ್ಮನಿಯಲ್ಲಿ ಅದು ಬಂದದ್ದು 1961ರಲ್ಲಿ. ಐದಂಕಿ ಇದ್ದರೆ 1993ರ ನಂತರದ್ದು.

ನಾನೂ ಒಮ್ಮೆ ಇಲ್ಲೇ ಎಡವಿದವನು. ಊಟದ ಡಬ್ಬಿಯ ಹಿಡಿಕೆಯಲ್ಲಿ 41 ಎಂದು ಓದಿ ಹಣ ಕೊಟ್ಟೆ. ಮನೆಗೆ ಬಂದು ಭೂತಗನ್ನಡಿ ಹಿಡಿದರೆ ಅದು 61. ಆರರ ಹೊಟ್ಟೆಯೊಳಗೆ ಬಣ್ಣ ತುಂಬಿಕೊಂಡಿತ್ತು. ಮಾರಿದವನಿಗೆ ಗೊತ್ತಿತ್ತೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ.

ಹಂತ 3: ಯಾವುದರಿಂದ ಮಾಡಿದ್ದು?

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ನನ್ನ ಲೆಕ್ಕದಲ್ಲಿ ಅರ್ಧ ಉತ್ತರ ಸಿಗುವುದು ಇಲ್ಲೇ.

ಯುದ್ಧ ಶುರುವಾದಾಗ ಜರ್ಮನ್ ಸಾಮಾನು ದಂಡಿಯಾಗಿ ಅಲ್ಯೂಮಿನಿಯಂ ಮತ್ತು ಒಳ್ಳೆಯ ಚರ್ಮದಿಂದ ಆಗುತ್ತಿತ್ತು. ವರ್ಷ ಕಳೆದಂತೆ ಅಲ್ಯೂಮಿನಿಯಂ ಎಲ್ಲ ವಿಮಾನಗಳ ಪಾಲಾಯಿತು. ಸಿಪಾಯಿಗೆ ಉಕ್ಕು ಬಂತು. ಚರ್ಮದ ಪಟ್ಟಿಯ ಜಾಗಕ್ಕೆ ನೇಯ್ದ ಕ್ಯಾನ್ವಾಸ್ ಪಟ್ಟಿ ಬಂತು, ಲೋಹದ ಮುಚ್ಚಳದ ಜಾಗಕ್ಕೆ ಬೇಕಲೈಟ್ ಬಂತು. ಬೇಕಲೈಟ್ ಅಂದರೆ ಹಳೆಯ ಸ್ವಿಚ್ಚುಗಳಲ್ಲಿ ಇರುತ್ತಿದ್ದ ಆ ಗಟ್ಟಿ ಕಪ್ಪು-ಕಂದು ಪ್ಲಾಸ್ಟಿಕ್. ಈ ಇಳಿಕೆಯೇ ನಮ್ಮ ಕ್ಯಾಲೆಂಡರು.

ಒಂದು ನೀರಿನ ಬಾಟಲಿಯನ್ನು ಮೇಜಿನ ಮೇಲಿಟ್ಟು ನೋಡೋಣ. ಹೆಸರು ಫೆಲ್ಡ್‌ಫ್ಲಾಷೆ 31. ಹಿಡಿಸುವುದು 0.8 ಲೀಟರ್. ಮೈಗೆ ಕಂದು ಫೆಲ್ಟ್, ಅಂದರೆ ಒತ್ತಿದ ಉಣ್ಣೆಯ ಹೊದಿಕೆ, ಬದಿಯಲ್ಲಿ ಟಿಚ್ ಬಟನ್, ಮೇಲೆ ಒಂದು ಬಟ್ಟಲು, ಎಲ್ಲವನ್ನೂ ಕಟ್ಟುವ ಪಟ್ಟಿ. ಟಿಚ್ ಬಟನ್ ಬಿಚ್ಚಿ ಫೆಲ್ಟ್ ಸರಿಸಿ. ಅಯಸ್ಕಾಂತ ಹಿಡಿಯಿರಿ. ಅಂಟಲಿಲ್ಲವಾದರೆ ಅಲ್ಯೂಮಿನಿಯಂ, ಸಾಮಾನ್ಯವಾಗಿ ಯುದ್ಧದ ಮುಂಚಿನ ಅಥವಾ ಮೊದಲ ವರ್ಷಗಳದ್ದು. ಅಂಟಿತು, ಮೈ ಮೇಲೆ ಕೆಂಪು-ಕಂದು ಎನಾಮಲ್ ಇದೆ ಅಂದರೆ 1943ರ ಆಸುಪಾಸಿಗೆ ಬನ್ನಿ. ಬಟ್ಟಲು ಕಪ್ಪು ಬಣ್ಣದ ಅಲ್ಯೂಮಿನಿಯಂ ಆಗಿದ್ದರೆ ಮೊದಲಿನದು. ಹಸಿರು ಬಣ್ಣ, ಉಕ್ಕು, ಬೇಕಲೈಟ್ ಇವೆಲ್ಲ ಆಮೇಲಿನವು. ಬಾಟಲಿಯ ಕತ್ತಿನಲ್ಲಿ ತಯಾರಕರ ಗುರುತು ಮತ್ತು ವರ್ಷದ ಎರಡಂಕಿ ಇರುತ್ತದೆ. ಬಟ್ಟಲಿನಲ್ಲೂ ಇರುತ್ತದೆ. ಎರಡನ್ನೂ ಬರೆದುಕೊಳ್ಳಿ.

ಬಾಟಲಿ 38, ಬಟ್ಟಲು 39 ಎಂದಿದ್ದರೆ ಗಾಬರಿ ಬೇಡ. ಉಗ್ರಾಣದಲ್ಲಿ ಕೈಗೆ ಸಿಕ್ಕಿದ್ದನ್ನು ಜೋಡಿಸಿ ಕೊಡುತ್ತಿದ್ದರು. ಆದರೆ 37ರ ಬಾಟಲಿಗೆ 43ರ ಬಟ್ಟಲು ಇದ್ದರೆ ಎರಡೇ ಸಾಧ್ಯತೆ: ಯುದ್ಧದಲ್ಲೇ ಬದಲಾಯಿಸಿದ್ದು, ಇಲ್ಲವೇ ಮಾರುವವನು ಜೋಡಿಸಿದ್ದು. ಫೆಲ್ಟ್ ನೋಡಿದರೆ ತಿಳಿಯುತ್ತದೆ. ವರ್ಷಗಟ್ಟಲೆ ಒಟ್ಟಿಗಿದ್ದ ಬಟ್ಟಲು ಮತ್ತು ಪಟ್ಟಿ ಫೆಲ್ಟಿನ ಮೇಲೆ ತಮ್ಮ ಅಚ್ಚು ಬಿಟ್ಟಿರುತ್ತವೆ. ಆ ಅಚ್ಚಿಗೂ ಪಟ್ಟಿಗೂ ತಾಳೆಯಾಗದಿದ್ದರೆ ಅದು ಜೋಡಿಸಿದ ಮಾಲು. ಅದರಿಂದ ವಸ್ತು ಸುಳ್ಳಾಗುವುದಿಲ್ಲ, ಬೆಲೆ ಮಾತ್ರ ಇಳಿಯಬೇಕು. ಲೆಕ್ಕ ಹೀಗೆ: ಅತಿ ಹೊಸ ಭಾಗ ಯಾವ ವರ್ಷದ್ದೋ, ಇಡೀ ವಸ್ತು ಈ ರೂಪಕ್ಕೆ ಬಂದದ್ದು ಅದರ ನಂತರವೇ.

ಇನ್ನೊಂದು ಬಗೆಯ ಬಾಟಲಿ ಇದೆ, ಹೊರಮೈ ಗಟ್ಟಿಯಾಗಿ ಕಂದಾಗಿ ಹೊಳೆಯುತ್ತದೆ. ಸಂಗ್ರಾಹಕರು ಅದನ್ನು "ತೆಂಗಿನ ಬಾಟಲಿ" ಅನ್ನುತ್ತಾರೆ. ತೆಂಗಿಗೂ ಅದಕ್ಕೂ ಏನೂ ಸಂಬಂಧವಿಲ್ಲ! ರಾಳದಲ್ಲಿ ನೆನೆಸಿ ಒತ್ತಿದ ತೆಳು ಮರದ ಹೊದಿಕೆ ಅದು. ಬಿಸಿಲ ನಾಡುಗಳಿಗೆ ಮಾಡಿದ್ದು, ಆದರೆ ಬೇರೆ ಕಡೆಯೂ ಬಳಕೆಯಾಯಿತು. ಹಾಗಾಗಿ "ಆಫ್ರಿಕಾದಲ್ಲಿ ಜನರಲ್ ರೊಮೆಲ್ ಪಡೆಯದ್ದು" ಎಂಬ ಕಥೆಗೆ ಸುಮ್ನೆ ದುಪ್ಪಟ್ಟು ಹಣ ಕೊಡಬೇಡಿ.

ಉಳಿದವಕ್ಕೂ ಇದೇ ದಾರಿ. ಊಟದ ಡಬ್ಬಿ, ಅಂದರೆ ಕೋಖ್‌ಗೆಷಿರ್ 31: ಡಬ್ಬಿ 1.7 ಲೀಟರ್, ಮೊದಲು ಬೂದು-ಹಸಿರು ಬಣ್ಣದ ಅಲ್ಯೂಮಿನಿಯಂ, ಕೊನೆಗೆ ಉಕ್ಕು. ಗುರುತು ಮುಚ್ಚಳದ ಹಿಡಿಕೆಯಲ್ಲಿ ಮತ್ತು ಡಬ್ಬಿಯ ಕೈಬಳೆ ಸಿಕ್ಕಿಸುವ ಜಾಗದಲ್ಲಿ. ಬ್ರೆಡ್ ಚೀಲ, ಅಂದರೆ ಬ್ರೋಟ್‌ಬಾಯ್ಟೆಲ್ 31: ಬೆಲ್ಟಿಗೆ ತೂಗುಹಾಕುವ ಕ್ಯಾನ್ವಾಸ್ ಚೀಲ. ಒಳಗೆ ಬಂದೂಕು ಒರೆಸುವ ಸಾಮಾನಿಗೆ ಪುಟ್ಟ ಜೇಬು ಇದ್ದರೆ ಅದು ಯುದ್ಧದ ಕೊನೆಯ ಮಾದರಿ. ಗ್ಯಾಸ್ ಮಾಸ್ಕ್ ಡಬ್ಬಿ: ಗೀರುಗೀರಾದ ಉರುಟು ತಗಡಿನ ಡಬ್ಬಿ, ಮೊದಲಿನದು ಗಿಡ್ಡ, 1938ರಿಂದ ಉದ್ದ. ಬಣ್ಣ ಮರಳಿನ ಹಳದಿ ಆಗಿದ್ದರೆ 1943ರ ಆರಂಭದ ಆದೇಶ ನೆನಪಿಡಿ, ವಾಹನ ಮತ್ತು ಸಲಕರಣೆಗೆ ಆ ಬಣ್ಣ ಬಂದದ್ದು ಆಗ. ಆದರೆ ಹಳದಿ ಬಣ್ಣ ಅಂಗಡಿಯಲ್ಲಿ ಇವತ್ತೂ ಸಿಗುತ್ತದೆ, ಎಚ್ಚರ.

ಹಂತ 4: ಹೇಗೆ ಕಟ್ಟಿದ್ದಾರೆ?

ಸ್ಕ್ರೂ ನೋಡಿ. ಒಂದೇ ಗೀಟಿನ ತಲೆ ಇರಬೇಕು. ಕೂಡಿಸುವ ಚಿಹ್ನೆಯಂಥ ತಲೆ ಇದ್ದರೆ ಆಮೇಲೆ ಹಾಕಿದ್ದು. ಹೊಲಿಗೆ ನೋಡಿ. ಯುವಿ ಟಾರ್ಚ್ ಹಿಡಿದಾಗ ದಾರ ಬೆಳ್ಳಗೆ ನೀಲಿಯಾಗಿ ಹೊಳೆದರೆ ಅನುಮಾನ ಪಡಿ, ಹೊಳಪು ಕೊಡುವ ಆ ರಾಸಾಯನಿಕ ಬಟ್ಟೆ ಲೋಕಕ್ಕೆ ವ್ಯಾಪಕವಾಗಿ ಬಂದದ್ದು ಯುದ್ಧದ ನಂತರ. ಆದರೆ ಇದನ್ನೊಂದೇ ನಂಬಬೇಡಿ. ಯಾರೋ ಪುಣ್ಯಾತ್ಮ ಅಸಲಿ ಚೀಲವನ್ನು ಈಗಿನ ವಾಷಿಂಗ್ ಪೌಡರಿನಲ್ಲಿ ತೊಳೆದಿದ್ದರೂ ಹೊಳೆಯುತ್ತದೆ. ಹಂತ 1 ಯಾಕೆ ಬರೆದೆ ಅಂತ ಈಗ ಗೊತ್ತಾಯಿತಲ್ವಾ?

ಸವೆತ ಕೈ ತಾಗುವ ಜಾಗದಲ್ಲಿರಬೇಕು. ಬಕಲ್ ಉಜ್ಜುವ ಕಡೆ ಚರ್ಮ ತೆಳುವಾಗಿರಬೇಕು, ತೂತಿನ ಒಂದು ಬದಿ ಎಳೆದಂತಿರಬೇಕು. ನಕಲು ಮಾಡುವವರು ಮರಳು ಕಾಗದದಿಂದ ಎಲ್ಲ ಕಡೆ ಸಮನಾಗಿ ಉಜ್ಜಿರುತ್ತಾರೆ. ಕಡು ಚಹಾದಲ್ಲಿ ಅದ್ದಿದ ಕ್ಯಾನ್ವಾಸ್ ಮಡಿಕೆಯೊಳಗೂ ಹೊರಗೂ ಒಂದೇ ಕಂದು. ಅಸಲಿಯಲ್ಲಿ ಮಡಿಕೆಯ ಒಳಗೆ ಮೂಲ ಬಣ್ಣ ಉಳಿದಿರುತ್ತದೆ. ಮೂಗನ್ನೂ ಬಳಸಿ. ಎಂಬತ್ತು ವರ್ಷದ ಚರ್ಮಕ್ಕೆ ಬೂಟ್ ಪಾಲಿಶಿನ ತಾಜಾ ವಾಸನೆ ಇರುವುದಿಲ್ಲ. ಇಂಥ ನಕಲು ಚರ್ಮದ ಸಾಮಾನು ನಮ್ಮ ದೇಶದಲ್ಲೇ ತಯಾರಾಗಿ ಯುರೋಪಿಗೆ ಹೋಗುತ್ತದೆ. ಯುದ್ಧದ ಅಣಕು ಪ್ರದರ್ಶನ ಮಾಡುವವರಿಗೆ ಎಂದು ಹೇಳಿ ಮಾರಿದರೆ ತಪ್ಪೇನಿಲ್ಲ. ಎರಡು ಕೈ ದಾಟಿದ ಮೇಲೆ ಅದೇ "ಅಜ್ಜನ ಅಟ್ಟದಲ್ಲಿ ಸಿಕ್ಕಿದ್ದು" ಆಗುತ್ತದೆ, ತೊಂದರೆ ಅಲ್ಲಿ.

ಹಂತ 5: ಈಗ ಮುದ್ರೆ ಓದಿ

ಒಟ್ಟು ನಾಲ್ಕು ಬಗೆ ಸಿಗುತ್ತವೆ.

ಒಂದು, ಕಂಪನಿಯ ಪೂರ್ತಿ ಹೆಸರು ಅಥವಾ ಅದರ ಮೊದಲಕ್ಷರ, ಜೊತೆಗೆ ವರ್ಷ. ಇದು ಹೆಚ್ಚಾಗಿ 1941-42ಕ್ಕಿಂತ ಮುಂಚಿನದು.

ಎರಡು, ಎರಡು-ಮೂರು ಸಣ್ಣ ಅಕ್ಷರಗಳ ಗುಪ್ತ ಸಂಕೇತ. ಕಾರ್ಖಾನೆ ಎಲ್ಲಿದೆ ಎಂದು ಶತ್ರುಗಳಿಗೆ ತಿಳಿಯಬಾರದು ಎಂದು 1940ರ ಹೊತ್ತಿಗೆ ಶುರು ಮಾಡಿದ್ದು. ಬಿ-ಎಲ್-ಸಿ ಅಂದರೆ ಯೇನಾದ ತ್ಸೈಸ್, ಬಿ-ಇ-ಎಚ್ ಅಂದರೆ ವೆಟ್ಸ್‌ಲಾರಿನ ಲೈಟ್ಸ್, ಡಿ-ಡಿ-ಎಕ್ಸ್ ಅಂದರೆ ಫೋಯ್ಕ್ಟ್‌ಲೆಂಡರ್, ಸಿ-ಎಕ್ಸ್-ಎನ್ ಅಂದರೆ ರಾಥೆನೋದ ಬುಷ್. ಇವೆಲ್ಲ ಮಸೂರದ ಕಂಪನಿಗಳು, ಸಂಕೇತ ದುರ್ಬೀನು, ದಿಕ್ಸೂಚಿಗಳ ಮೇಲೆ ಕಾಣುತ್ತದೆ. ಒಂದಕ್ಷರ ಆಚೀಚೆ ಆದರೆ ಬೇರೆಯೇ ಕಾರ್ಖಾನೆ, ನೋಡಿ ಓದಿ. ಅಧಿಕಾರಿಗಳ 6×30 ದುರ್ಬೀನಿನ ಮೇಲೆ 6400 ಎಂಬ ಸಂಖ್ಯೆ ಇರುವುದುಂಟು. ಅದು ವರ್ಷವೂ ಅಲ್ಲ, ಕ್ರಮಸಂಖ್ಯೆಯೂ ಅಲ್ಲ. ಒಂದು ಸುತ್ತನ್ನು 6400 ಭಾಗ ಮಾಡಿದ ಕೋನದ ಅಳತೆ ಒಳಗಿನ ಗಾಜಿನಲ್ಲಿದೆ ಎಂಬ ಸೂಚನೆ.

ಮೂರು, ಸೊನ್ನೆಯಿಂದ ಶುರುವಾಗಿ ಓರೆಗೀಟು ಹಾಕಿ ಬರೆದ ಉದ್ದ ಸಂಖ್ಯೆ, ಮುಂದೆ "ಆರ್‌ಬಿ ನಂಬರ್" ಎಂದಿರಬಹುದು. ಕಾರ್ಖಾನೆಗೆ ಸರ್ಕಾರ ಕೊಟ್ಟ ನೋಂದಣಿ ಸಂಖ್ಯೆ. ಇದರ ಜೊತೆ ವರ್ಷ ಇರುವುದು ಅಪರೂಪ, ಆದರೆ ಸಂಖ್ಯೆಯೇ ಒಂದು ತಾರೀಖು: ಸಾಮಾನಿನ ಮೇಲೆ ಇದು ಬಂದದ್ದು ಯುದ್ಧದ ಕೊನೆಯ ಎರಡು-ಮೂರು ವರ್ಷಗಳಲ್ಲಿ. ಆರ್‌ಬಿ ನಂಬರಿನ ಪಕ್ಕ 1938 ಎಂದಿದ್ದರೆ ನಕ್ಕು ವಾಪಸ್ ಕೊಡಿ.

ನಾಲ್ಕು, ತಪಾಸಣೆ ಮತ್ತು ಉಗ್ರಾಣದ ಮುದ್ರೆ. ಪುಟ್ಟ ಹದ್ದು, ಕೆಳಗೆ ಸಂಖ್ಯೆ ಇದ್ದರೆ ಸೈನ್ಯದ ಶಸ್ತ್ರಾಸ್ತ್ರ ಕಚೇರಿಯ ತಪಾಸಣೆ ಅಧಿಕಾರಿಯದು, ಹೆಸರು ವಾಫನ್‌ಆಮ್ಟ್. ಬಟ್ಟೆ ಸಾಮಾನಿನ ಮೇಲೆ ಉಗ್ರಾಣದ ಶಾಯಿ ಮುದ್ರೆ ಇರುತ್ತದೆ, ಉದಾಹರಣೆಗೆ ಬಿ 40, ಅಂದರೆ ಬರ್ಲಿನ್, 1940. ಎಲ್-ಬಿ-ಎ ಇದ್ದರೆ ವಾಯುಸೇನೆಯ ಬಟ್ಟೆ ಉಗ್ರಾಣ. ಎಲ್ಲ ಸಾಮಾನಿಗೂ ಹದ್ದಿನ ಮುದ್ರೆ ಇರುತ್ತಿರಲಿಲ್ಲ. ಮಾಮೂಲಿ ಊಟದ ಡಬ್ಬಿಯ ಮೇಲೆ ಮೂರು ಕಡೆ ಹದ್ದು ಕೂತಿದ್ದರೆ ನನಗೆ ಅನುಮಾನ ಜಾಸ್ತಿಯಾಗುತ್ತದೆಯೇ ಹೊರತು ನಂಬಿಕೆಯಲ್ಲ. ಮುದ್ರೆಯ ಗುಂಡಿಯೊಳಗೆ ಭೂತಗನ್ನಡಿ ಹಿಡಿಯಿರಿ. ಸುತ್ತಲೂ ಹಳೆ ಬಣ್ಣ, ಗುಂಡಿಯೊಳಗೆ ಮಾತ್ರ ಹೊಳೆಯುವ ಲೋಹ ಇದ್ದರೆ ಅದು ಮೊನ್ನೆ ಒತ್ತಿದ್ದು.

ಹಂತ 6: ಉಕ್ಕಿನ ಟೋಪಿಗೆ ಬೇರೆ ಲೆಕ್ಕ

ಷ್ಟಾಲ್‌ಹೆಲ್ಮ್, ಅಂದರೆ ಈ ಉಕ್ಕಿನ ಟೋಪಿ ಬಗ್ಗೆ ಪ್ರಶ್ನೆ ಜಾಸ್ತಿ, ಮೋಸವೂ ಜಾಸ್ತಿ. ಮೊದಲು ಗಾಳಿ ತೂತು ನೋಡಿ. ತೂತಿಗೆ ಬೇರೆ ಉಂಗುರ ಸಿಕ್ಕಿಸಿ, ಟೋಪಿಯ ಅಂಚನ್ನು ಒಳಕ್ಕೆ ಮಡಚಿದ್ದರೆ 1935ರ ಮಾದರಿ. ತೂತಿನ ಅಂಚು ಅದೇ ತಗಡಿನಲ್ಲಿ ಉಬ್ಬಿದ್ದು, ಟೋಪಿಯ ಅಂಚು ಮಡಚಿದ್ದರೆ 1940ರದು. ಟೋಪಿಯ ಅಂಚು ಮಡಚದೆ ಹೊರಕ್ಕೆ ಚಾಚಿದ್ದರೆ 1942ರದು, ಖರ್ಚು ಮತ್ತು ಸಮಯ ಉಳಿಸಲು ಆ ಮಡಿಕೆ ಬಿಟ್ಟರು.

ಒಳಗೆ ಅಕ್ಷರ ಮತ್ತು ಸಂಖ್ಯೆ ಒತ್ತಿರುತ್ತದೆ. ಇ-ಟಿ 64 ಅಂದರೆ ಥಾಲೆಯ ಕಾರ್ಖಾನೆ, ತಗಡಿನ ಅಳತೆ 64. ಕ್ಯೂ ಅಂದರೆ ಎಸ್ಲಿಂಗನ್‌ನ ಕ್ವಿಸ್ಟ್. 64ರ ಟೋಪಿಗೆ ಒಳಗಿನ ಚರ್ಮದ ಪಟ್ಟಿ 56 ಅಥವಾ 57 ಇರಬೇಕು. ಪಕ್ಕದ ಸ್ಟಿಕರುಗಳ ಇತಿಹಾಸವೂ ಉಪಯೋಗಕ್ಕೆ ಬರುತ್ತದೆ: ಮೂರು ಬಣ್ಣದ ರಾಷ್ಟ್ರೀಯ ಗುರಾಣಿಯನ್ನು 1940ರಲ್ಲಿ ತೆಗೆಯಲು ಹೇಳಿದರು, ಭೂಸೇನೆಯ ಹದ್ದನ್ನು 1943ರಲ್ಲಿ. ಹಾಗಾದರೆ 1942ರ ಮಾದರಿಯ ಟೋಪಿಗೆ ಎರಡೂ ಬದಿ ಹೊಳೆಯುವ ಸ್ಟಿಕರ್ ಬಂದದ್ದು ಎಲ್ಲಿಂದ, ನೀವೇ ಕೇಳಿ. ನಾಜಿ ಪಕ್ಷದ ಸ್ವಂತ ಪಡೆಯಾದ ಎಸ್‌ಎಸ್ ಗುರುತಿನ ಟೋಪಿಗೆ ಬೆಲೆ ಎಷ್ಟೋ ಪಟ್ಟು ಏರುತ್ತದೆ. ಆದ್ದರಿಂದ ಅಸಲಿ ಟೋಪಿಗೆ ನಕಲಿ ಸ್ಟಿಕರ್ ಅಂಟಿಸುವ ದಂಧೆ ಇದೆ. ಹೊಸಬರು ಅದರ ತಂಟೆಗೇ ಹೋಗಬೇಡಿ ಎನ್ನುವುದು ನನ್ನ ಸಲಹೆ.

ಹಂತ 7: ಜೀವಕ್ಕೂ ಕಾನೂನಿಗೂ ಸಂಬಂಧಿಸಿದ್ದು

ಗ್ಯಾಸ್ ಮಾಸ್ಕನ್ನು ಮುಖಕ್ಕೆ ಹಾಕಿ ಸೆಲ್ಫಿ ತೆಗೆಯಬೇಡಿ. ಆ ಕಾಲದ ಹಲವು ಫಿಲ್ಟರುಗಳಲ್ಲಿ ಆಸ್ಬೆಸ್ಟಾಸ್ ಇತ್ತು. ಕತ್ತಲಲ್ಲಿ ಕಾಣಲು ದಿಕ್ಸೂಚಿಗೆ ಹಚ್ಚುತ್ತಿದ್ದ ಬಣ್ಣದಲ್ಲಿ ರೇಡಿಯಂ ಇರುತ್ತಿತ್ತು. ಈಗ ಹೊಳೆಯದಿದ್ದರೂ ವಿಕಿರಣ ನಿಂತಿಲ್ಲ. ಗಾಜು ಒಡೆದ ದಿಕ್ಸೂಚಿಯನ್ನು ಕೊಳ್ಳಬೇಡಿ, ಇದ್ದದ್ದನ್ನು ಬಿಚ್ಚಬೇಡಿ.

ಜರ್ಮನಿಯಲ್ಲಿ ನಾಜಿ ಚಿಹ್ನೆಗಳನ್ನು ಸಾರ್ವಜನಿಕವಾಗಿ ತೋರಿಸುವುದು ದಂಡ ಸಂಹಿತೆಯ 86ಎ ಕಲಮಿನ ಪ್ರಕಾರ ಅಪರಾಧ. ಇತಿಹಾಸ, ಅಧ್ಯಯನದಂಥ ಕೆಲಸಕ್ಕೆ ವಿನಾಯಿತಿ ಇದೆ. ಸಂತೆಯಲ್ಲಿ ಆ ಚಿಹ್ನೆಯ ಮೇಲೆ ಸ್ಟಿಕರ್ ಅಂಟಿಸಿರುವುದು ಅದಕ್ಕೇ. ಅಲ್ಲಿರುವ ನಮ್ಮವರು ಆ ಚಿಹ್ನೆಯ ಬಕಲ್ ಹಾಕಿಕೊಂಡು ಫೋಟೋ ಹಂಚುವುದು ಬೇಡ. ಭಾರತಕ್ಕೆ ಬಯೋನೆಟ್, ಅಂದರೆ ಬಂದೂಕಿನ ತುದಿಗೆ ಸಿಕ್ಕಿಸುವ ಚೂರಿ ತರಿಸುವ ಯೋಚನೆ ಇದ್ದರೆ ಮೊದಲು ವಕೀಲರನ್ನು ಕೇಳಿ, ಹರಿತವಾದ ಆಯುಧಗಳೂ 1959ರ ಆಯುಧ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ.

ಸಿಪಾಯಿಯ ಗುರುತಿನ ಬಿಲ್ಲೆ ಬಗ್ಗೆ ನನಗೆ ಖಡಾಖಂಡಿತ ಅಭಿಪ್ರಾಯವಿದೆ. ಅದು ನಡುವೆ ಮುರಿಯಲು ಗೀರು ಹಾಕಿದ ಅಂಡಾಕಾರದ ಲೋಹದ ತುಂಡು. ಸತ್ತರೆ ಅರ್ಧ ಮುರಿದು ಕಚೇರಿಗೆ ಕಳಿಸುತ್ತಿದ್ದರು, ಅರ್ಧ ಹೆಣದ ಜೊತೆ ಉಳಿಯುತ್ತಿತ್ತು. ಮಣ್ಣಿನಿಂದ ಬಂದ ಪೂರ್ತಿ ಬಿಲ್ಲೆ ಅಂದರೆ ಆ ಮನುಷ್ಯನ ಲೆಕ್ಕ ಇನ್ನೂ ಸಿಗದೆ ಇರಬಹುದು. ಕಾಣೆಯಾದವರನ್ನು ಹುಡುಕಿ ಗುರುತಿಸುವ ಕೆಲಸವನ್ನು ಜರ್ಮನಿಯ ಯುದ್ಧ ಸಮಾಧಿಗಳ ಸಂಘ, ಫೋಲ್ಕ್ಸ್‌ಬುಂಡ್, ಇವತ್ತಿಗೂ ಮಾಡುತ್ತಿದೆ. ನೆಲದಿಂದ ಅಗೆದು ತೆಗೆದ ಬಿಲ್ಲೆಯನ್ನು ನಾನು ಕೊಳ್ಳುವುದಿಲ್ಲ, ನೀವೂ ಕೊಳ್ಳಬೇಡಿ.

ಹಣ ಕೊಡುವ ಮೊದಲು ಕೇಳಬೇಕಾದ ಫೋಟೋಗಳು

ಮುಂದೆ, ಹಿಂದೆ, ಒಳಗೆ. ಪ್ರತಿ ಮುದ್ರೆಯೂ ಓರೆ ಬೆಳಕಿನಲ್ಲಿ, ಹತ್ತಿರದಿಂದ. ಹೊಲಿಗೆಯ ಹಿಂಬದಿ. ಒಂದು ಅಳತೆಪಟ್ಟಿ ಪಕ್ಕದಲ್ಲಿಟ್ಟು ತೆಗೆದದ್ದು. ಬಾಟಲಿಯಾದರೆ ಫೆಲ್ಟ್ ಬಿಚ್ಚಿ ಕತ್ತಿನ ಭಾಗ, ಡಬ್ಬಿಯಾದರೆ ಹಿಡಿಕೆಯ ಒಳಮೈ, ಟೋಪಿಯಾದರೆ ಚರ್ಮದ ಪಟ್ಟಿ ಎತ್ತಿ ಒಳಗಿನ ಸಂಖ್ಯೆ. ಅಸಲಿ ಮಾಲು ಇರುವವನು ಇಷ್ಟು ಕೇಳಿದರೆ ಬೇಜಾರು ಮಾಡಿಕೊಳ್ಳುವುದಿಲ್ಲ. "ಇನ್ನಿಬ್ಬರು ಕಾಯ್ತಿದ್ದಾರೆ, ಬೇಗ ಹೇಳಿ" ಎಂದು ಅವಸರ ಮಾಡಿದರೆ ಆ ಇನ್ನಿಬ್ಬರಿಗೇ ಬಿಟ್ಟುಬಿಡಿ. ನನಗೆ ಪ್ರಶ್ನೆ ಕಳಿಸುವಾಗಲೂ ಇದೇ ಫೋಟೋಗಳು ಬೇಕು, ಜೊತೆಗೆ ಅಯಸ್ಕಾಂತ ಅಂಟಿತೋ ಇಲ್ಲವೋ ಬರೆಯಿರಿ.